ಹೆರೋದರಸನ ದಿನಗಳಲ್ಲಿ: ಯೇಸುಸ್ವಾಮಿಯ ಜನನಕ್ಕೆ ಚರಿತ್ರೆಯ ಸಾಕ್ಷಿ

ಆಗಮನ ಕಾಲ ಬಂತೆಂದರೆ ಸಕಲೇಶಪುರ, ಆಲೂರು ಕಡೆಯ ನಮ್ಮ ಮನೆಗಳಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಹಗಲು ತೋಟದಲ್ಲಿ ಕಾಫಿ ಹಣ್ಣಿನ ಕುಯ್ಲು, ಸಂಜೆ ಮನೆಯ ಮೂಲೆಯಲ್ಲಿ ಗೋದಲಿಯ ತಯಾರಿ. ಹಾಸನ, ಮಂಗಳೂರು, ಬೆಂಗಳೂರಿನ ಕಾಲೇಜುಗಳಿಂದ ಮಕ್ಕಳು ರಜೆಗೆ ಬಂದಿರುತ್ತಾರೆ. ಗೋದಲಿಗೆ ಪಾಚಿಯನ್ನೂ ಭತ್ತದ ಹುಲ್ಲನ್ನೂ ತರುವವರು ಅವರೇ. ಊಟಕ್ಕೆ ಕುಳಿತಾಗ “ಯೇಸುಸ್ವಾಮಿ ನಿಜವಾಗಿ ಹುಟ್ಟಿದರು ಎನ್ನುವುದಕ್ಕೆ ಬೈಬಲ್ ಬಿಟ್ಟು ಬೇರೆ ಏನು ಸಾಕ್ಷಿಯಿದೆ?” ಎಂದು ಕೇಳುವವರೂ ಅವರೇ.

ಹೀಗೆ ಕೇಳಿದ ಮಕ್ಕಳನ್ನು ಗದರಿಸುವುದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು, ಕೈಗೆ ಸಿಕ್ಕಿದ ಯಾವುದೋ ‘ಪುರಾವೆ’ಯನ್ನು ತೋರಿಸಿ ಅವರ ಬಾಯಿ ಮುಚ್ಚಿಸುವುದು. ಉದಾಹರಣೆಗೆ, ಲೆಂತುಲ ಎಂಬ ರೋಮಿನ ಅಧಿಕಾರಿ ಯೇಸುವಿನ ಮುಖಲಕ್ಷಣವನ್ನು ವರ್ಣಿಸಿ ಬರೆದನೆನ್ನುವ ಪತ್ರವೊಂದು ಬಹುಕಾಲದಿಂದ ಓಡಾಡುತ್ತಿದೆ. ಆ ಹೆಸರಿನ ಅಧಿಪತಿ ಯೂದೇಯದಲ್ಲಿ ಇರಲೇ ಇಲ್ಲ. ಮಧ್ಯಯುಗಕ್ಕೆ ಮುಂಚೆ ಆ ಪತ್ರದ ಸುಳಿವೂ ಇಲ್ಲ. ಇಂಥದ್ದನ್ನು ನಂಬಿಕೊಂಡು ಬೆಳೆದ ಮಗ, ಅದು ಸುಳ್ಳೆಂದು ತಿಳಿದ ದಿನ, ಸುಳ್ಳಿನ ಜೊತೆಗೆ ನಿಜವಾದ ಸಾಕ್ಷಿಯನ್ನೂ ಎಸೆದುಬಿಡುತ್ತಾನೆ. ನಂಬಿಕೆ ಕಳೆದುಕೊಂಡೆವೆನ್ನುವ ಎಷ್ಟೋ ಯುವಕರು ನಿಜವಾಗಿ ಕಳೆದುಕೊಂಡಿರುವುದು ನಮ್ಮ ಮಾತಿನ ಮೇಲಿನ ನಂಬಿಕೆಯನ್ನು.

ಧರ್ಮಸಭೆ ಈ ಪರಿಶೀಲನೆಗೆ ಹೆದರಿಲ್ಲ. 1943ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು ಪವಿತ್ರ ಗ್ರಂಥದ ಬರವಣಿಗೆಯ ಪ್ರಕಾರಗಳನ್ನು ಅರಿತು ಅಭ್ಯಾಸ ಮಾಡಬೇಕೆಂದು ವಿದ್ವಾಂಸರನ್ನು ಪ್ರೋತ್ಸಾಹಿಸಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಅದೇ ದಾರಿಯನ್ನು ಎತ್ತಿಹಿಡಿಯಿತು. ಹದಿನಾರನೆಯ ಬೆನೆಡಿಕ್ಟರು 2012ರಲ್ಲಿ ಯೇಸುವಿನ ಬಾಲ್ಯದ ವೃತ್ತಾಂತಗಳ ಮೇಲೆಯೇ ಒಂದು ಪುಸ್ತಕ ಬರೆದರು. ಅದರಲ್ಲಿ, ನಾವಿಂದು ಎಣಿಸುವ ಕ್ರಿಸ್ತಶಕದ ಲೆಕ್ಕ ಕೆಲವು ವರ್ಷ ತಪ್ಪಿದೆ ಎಂಬುದನ್ನು ಅವರು ಮುಚ್ಚುಮರೆಯಿಲ್ಲದೆ ಒಪ್ಪಿದ್ದಾರೆ.

ಕಲ್ಲಿನ ಸಾಕ್ಷಿ, ಅಜ್ಜಿಯ ಸಾಕ್ಷಿ

ಹಳೆಯ ಸಾಕ್ಷಿಯನ್ನು ತೂಗಿ ನೋಡುವುದು ನಮ್ಮ ಜಿಲ್ಲೆಯವರಿಗೆ ಹೊಸತಲ್ಲ. ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟ ಹಾಸನ ಜಿಲ್ಲೆಯದು, ಆಗ ಮಂಜರಾಬಾದ್ ಎನಿಸಿಕೊಂಡಿದ್ದ ನಮ್ಮ ಸಕಲೇಶಪುರ ತಾಲ್ಲೂಕಿನ ಶಾಸನಗಳೂ ಅದರಲ್ಲಿವೆ. ಇಂಥ ಕಲ್ಲುಗಳಲ್ಲಿ ಕೆಲವು ಶಕವರ್ಷ, ಸಂವತ್ಸರ, ತಿಥಿ, ವಾರ ಎಲ್ಲವನ್ನೂ ಹೇಳುತ್ತವೆ. ಕೆಲವು, ಇಂಥ ಅರಸ ರಾಜ್ಯವಾಳುತ್ತಿದ್ದಾಗ ಎಂದಷ್ಟೇ ಹೇಳಿ ಸುಮ್ಮನಾಗುತ್ತವೆ. ಪಕ್ಕದ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಂತೂ ವರ್ಷವೇ ಇಲ್ಲ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದ ಮೇಲೆ, ಅಕ್ಷರದ ರೂಪ, ಭಾಷೆಯ ಹಳಮೆ, ಅದರಲ್ಲಿ ಬರುವ ಕದಂಬ ಅರಸನ ಉಲ್ಲೇಖ ಇವನ್ನೆಲ್ಲ ಸೇರಿಸಿ ವಿದ್ವಾಂಸರು ‘ಸುಮಾರು ಕ್ರಿ.ಶ. 450’ ಎಂದರು. ಆ ‘ಸುಮಾರು’ ಎಂಬ ಮಾತಿನಿಂದಾಗಿ ಕಲ್ಲು ಸುಳ್ಳೆಂದು ಯಾರೂ ಹೇಳಲಿಲ್ಲ.

ನಮ್ಮ ಅಜ್ಜ ಅಜ್ಜಿಯರ ವಿಷಯವೂ ಅಷ್ಟೇ. ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದು ಜನ್ಮದಿನ ಬರೆಸಿಕೊಂಡವರು ಈ ಬೆಟ್ಟದ ಸಾಲಿನಲ್ಲಿ ಎಷ್ಟು ಜನರಿಲ್ಲ! ಸೇರಿಸಿಕೊಳ್ಳುವಾಗ ಮೇಷ್ಟರು ಲೆಕ್ಕ ಹಾಕಿ ಬರೆದ ದಿನ ಅದು. ಅಜ್ಜಿಯನ್ನೇ ಕೇಳಿದರೆ, ದೊಡ್ಡ ಮಳೆ ಬಂದು ಹೊಳೆ ಉಕ್ಕಿದ ವರ್ಷ ಎನ್ನುತ್ತಾರೆ. ದಿನಾಂಕ ತಪ್ಪಾಗಿರಬಹುದು, ಅಜ್ಜಿ ಹುಟ್ಟಿದ್ದು ತಪ್ಪಲ್ಲ. ಯೇಸುಸ್ವಾಮಿಯ ಜನನದ ವಿಷಯದಲ್ಲೂ ‘ಹುಟ್ಟಿದರೇ?’, ‘ಯಾವಾಗ?’, ‘ಎಲ್ಲಿ?’ ಎಂಬುವು ಬೇರೆ ಬೇರೆ ಪ್ರಶ್ನೆಗಳು. ಒಂದೊಂದಕ್ಕೂ ಇರುವ ಸಾಕ್ಷಿಯ ತೂಕ ಬೇರೆ.

ಹೊರಗಿನವರು ಹೇಳುವುದು

ಮೊದಲ ಪ್ರಶ್ನೆಗೆ ಉತ್ತರ ಗಟ್ಟಿಯಾಗಿದೆ. ರೋಮಿನ ಚರಿತ್ರೆಕಾರ ಟಾಸಿಟಸ್ ಸುಮಾರು ಕ್ರಿ.ಶ. 116ರಲ್ಲಿ ಬರೆಯುತ್ತಾ, ತಿಬೇರಿಯ ಚಕ್ರವರ್ತಿಯ ಕಾಲದಲ್ಲಿ ಪೊಂತಿಯ ಪಿಲಾತನ ಕೈಯಲ್ಲಿ ಕ್ರಿಸ್ತರಿಗೆ ಮರಣದಂಡನೆ ಆಯಿತೆಂದು ಹೇಳುತ್ತಾನೆ. ಅವನಿಗೆ ಕ್ರೈಸ್ತರೆಂದರೆ ತಾತ್ಸಾರ. ಹೊಗಳುವವನ ಮಾತಿಗಿಂತ ಹೀಗಳೆಯುವವನ ಮಾತು ನ್ಯಾಯಾಲಯದಲ್ಲಿ ಹೆಚ್ಚು ತೂಗುತ್ತದೆ. ಆ ಪಿಲಾತನ ಹೆಸರು ಕೆತ್ತಿದ ಕಲ್ಲೊಂದು 1961ರಲ್ಲಿ ಕೈಸರೇಯದಲ್ಲಿ ಸಿಕ್ಕಿತು.

ಯೆಹೂದಿ ಚರಿತ್ರೆಕಾರ ಜೋಸೆಫುಸನ ಗ್ರಂಥ ಇನ್ನೂ ಹಳೆಯದು, ಸುಮಾರು ಕ್ರಿ.ಶ. 93ರದು. ಅದರಲ್ಲಿ ಯೇಸುವಿನ ಹೆಸರು ಎರಡು ಕಡೆ ಬರುತ್ತದೆ. ಹದಿನೆಂಟನೆಯ ಭಾಗದಲ್ಲಿರುವ, ಯೇಸುವನ್ನು ಮೆಸ್ಸೀಯನೆಂದೇ ಕೊಂಡಾಡುವ ಭಾಗ ನಮ್ಮವರಿಗೆ ಬಹಳ ಪ್ರಿಯ. ಆದರೆ ಯೆಹೂದಿಯಾಗಿಯೇ ಉಳಿದ ಒಬ್ಬನು ಹಾಗೆ ಬರೆದಿರಲಾರ. ಪ್ರತಿ ಮಾಡಿದ ಕ್ರೈಸ್ತನೊಬ್ಬ ತನ್ನ ಭಕ್ತಿಯನ್ನು ಅಲ್ಲಿ ಸೇರಿಸಿದ್ದಾನೆಂದು ಕಥೋಲಿಕ ವಿದ್ವಾಂಸರೂ ಸೇರಿದಂತೆ ಹೆಚ್ಚಿನವರು ಒಪ್ಪುತ್ತಾರೆ. ಆ ಸೇರಿಕೆಯನ್ನು ತೆಗೆದರೆ ಉಳಿಯುವ ತಿರುಳು ಜೋಸೆಫುಸನದೇ ಎಂಬುದು ಅವರಲ್ಲಿ ಬಹುಮಂದಿಯ ಅಭಿಪ್ರಾಯ. ನಮ್ಮ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು ಇಪ್ಪತ್ತನೆಯ ಭಾಗದ ಚಿಕ್ಕ ಮಾತು. ಕ್ರಿ.ಶ. 62ರಲ್ಲಿ ಪ್ರಧಾನ ಯಾಜಕ ಅನ್ನಾನನು ಯಕೋಬನೆಂಬವನನ್ನು ಕಲ್ಲೆಸೆದು ಕೊಲ್ಲಿಸಿದ್ದನ್ನು ಹೇಳುವಾಗ, ಯಾವ ಯಕೋಬ ಎಂದು ಗುರುತಿಸಲು ‘ಕ್ರಿಸ್ತನೆನಿಸಿಕೊಂಡ ಯೇಸುವಿನ ಸಹೋದರ’ ಎಂಬರ್ಥದ ಮಾತನ್ನು ಬಳಸುತ್ತಾನೆ. ಹೊಗಳಿಕೆಯಿಲ್ಲ, ತೆಗಳಿಕೆಯಿಲ್ಲ. ಊರಿನಲ್ಲಿ ಇಂಥವನ ಸಂಬಂಧಿಕ ಎಂದು ಹೇಳುವ ಹಾಗೆ ಹೇಳಿ ಮುಂದೆ ಹೋಗುತ್ತಾನೆ.

ಇವರಿಬ್ಬರೂ ಯೇಸುವಿನ ಜನನದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದನ್ನು ಮಕ್ಕಳಿಗೆ ನೇರವಾಗಿಯೇ ಹೇಳಬೇಕು. ಹೇಳದಿರುವುದಕ್ಕೆ ಕಾರಣವೂ ಇದೆ: ಬಡಗಿಯ ಮನೆಯ ಮಗುವೊಂದು ಹುಟ್ಟಿದ್ದನ್ನು ಅಂದಿನ ಯಾವ ಆಸ್ಥಾನದ ಲೇಖಕನೂ ಬರೆದುಕೊಳ್ಳುತ್ತಿರಲಿಲ್ಲ. ಲೋಕದ ಕಣ್ಣಿಗೆ ಯೇಸು ಬಿದ್ದದ್ದು ಶಿಲುಬೆಯ ಮೇಲೆ.

ಕ್ರೈಸ್ತರ ಬರಹಗಳಲ್ಲಿ ಮೊದಲು ಬರುವುದು ಶುಭಸಂದೇಶಗಳಲ್ಲ, ಸಂತ ಪೌಲರ ಪತ್ರಗಳು, ಕ್ರಿ.ಶ. 50ರ ದಶಕದವು. ಯೇಸು ಸ್ತ್ರೀಯಲ್ಲಿ ಹುಟ್ಟಿದವರು, ಯೆಹೂದಿ ಧರ್ಮಶಾಸ್ತ್ರಕ್ಕೆ ಒಳಪಟ್ಟು ಹುಟ್ಟಿದವರು (ಗಲಾತ್ಯ 4:4), ದಾವೀದನ ವಂಶದವರು (ರೋಮ 1:3) ಎಂದಷ್ಟೇ ಅವರು ಹೇಳುತ್ತಾರೆ. ಆದರೆ ಪ್ರಭುವಿನ ಸಹೋದರನೆನಿಸಿದ ಯಕೋಬನನ್ನು ತಾವು ಜೆರುಸಲೇಮಿನಲ್ಲಿ ಮುಖತಃ ಕಂಡದ್ದಾಗಿ ಅದೇ ಪತ್ರದಲ್ಲಿದೆ (ಗಲಾತ್ಯ 1:19). ಕಟ್ಟುಕಥೆಯ ವ್ಯಕ್ತಿಗೆ ಭೇಟಿಯಾಗಲು ಸಿಗುವ ಬಂಧುಬಳಗ ಇರುವುದಿಲ್ಲ.

ಮತ್ತಾಯ, ಲೂಕ

ಜನನದ ವಿವರಕ್ಕೆ ನಮಗಿರುವುದು ಮತ್ತಾಯ ಮತ್ತು ಲೂಕರ ಶುಭಸಂದೇಶಗಳು ಮಾತ್ರ. ಗೋದಲಿಯಲ್ಲಿ ನಾವು ಎರಡನ್ನೂ ಬೆರೆಸಿಬಿಟ್ಟಿದ್ದೇವೆ: ಕುರುಬರು ಒಂದು ಕಡೆ, ಮೂರು ರಾಯರು ಇನ್ನೊಂದು ಕಡೆ. ಪುಸ್ತಕ ತೆರೆದು ಬೇರೆ ಬೇರೆಯಾಗಿ ಓದಿ ನೋಡಿ. ಮತ್ತಾಯರಲ್ಲಿ ಗೋದಲಿಯೂ ಇಲ್ಲ, ಕುರುಬರೂ ಇಲ್ಲ; ನಕ್ಷತ್ರ, ಪೂರ್ವದ ಜ್ಯೋತಿಷಿಗಳು, ಈಜಿಪ್ಟಿಗೆ ಪಲಾಯನ ಇವೆ. (ಜ್ಯೋತಿಷಿಗಳು ಮೂವರೆಂದೂ ರಾಯರೆಂದೂ ಅಲ್ಲಿಲ್ಲ.) ಲೂಕರಲ್ಲಿ ನಕ್ಷತ್ರವಿಲ್ಲ, ಈಜಿಪ್ಟಿಲ್ಲ, ಜನಗಣತಿ, ಗೋದಲಿ, ಕುರುಬರು, ದೇವಾಲಯದಲ್ಲಿ ಸಮರ್ಪಣೆ ಇವೆ. ಮತ್ತಾಯರನ್ನು ಓದಿದರೆ ಜೋಸೆಫರ ಮನೆ ಬೆತ್ಲೆಹೇಮಿನಲ್ಲೇ ಇದ್ದಂತೆ ತೋರುತ್ತದೆ; ಲೂಕರಲ್ಲಿ ಅವರು ನಜರೇತಿನಿಂದ ಬರುತ್ತಾರೆ.

ಈ ವ್ಯತ್ಯಾಸವನ್ನು ನಮ್ಮಲ್ಲಿ ಕೆಲವರು ಮರೆಮಾಡಲು ನೋಡುತ್ತಾರೆ. ಮರೆಮಾಡಬೇಕಾಗಿಲ್ಲ. ಇಬ್ಬರು ಸಾಕ್ಷಿಗಳು ಪದಕ್ಕೆ ಪದ ಒಂದೇ ಹೇಳಿದರೆ ವಕೀಲರು ಮೊದಲು ಕೇಳುವುದು, ನಿಮಗೆ ಯಾರು ಹೇಳಿಕೊಟ್ಟರು ಎಂದು. ಇವರಿಬ್ಬರೂ ಒಬ್ಬರನ್ನೊಬ್ಬರು ನೋಡಿ ಬರೆದಿಲ್ಲ ಎನ್ನುವುದಕ್ಕೆ ಈ ವ್ಯತ್ಯಾಸಗಳೇ ಗುರುತು. ಆದ್ದರಿಂದ ಇಬ್ಬರೂ ಒಪ್ಪುವ ಸಂಗತಿಗಳು ಇವರಿಗಿಂತ ಹಳೆಯವು: ತಾಯಿ ಮರಿಯ, ಅವರಿಗೆ ನಿಶ್ಚಯವಾಗಿದ್ದ ದಾವೀದನ ವಂಶದ ಜೋಸೆಫ, ಪವಿತ್ರಾತ್ಮರಿಂದ ಗರ್ಭಧಾರಣೆ, ಹೆರೋದನ ಕಾಲ, ಬೆತ್ಲೆಹೇಮಿನಲ್ಲಿ ಜನನ, ನಜರೇತಿನಲ್ಲಿ ಬೆಳವಣಿಗೆ. ಕನ್ಯೆಯಿಂದ ಜನನ ಎಂಬುದು ಚರಿತ್ರೆಯ ತಕ್ಕಡಿಯಲ್ಲಿ ಇಡುವ ವಸ್ತುವಲ್ಲ. ಅದನ್ನು ಯಾರೋ ಒಬ್ಬ ಲೇಖಕ ಕೂತು ಹುಟ್ಟುಹಾಕಲಿಲ್ಲ, ಇಬ್ಬರೂ ತಮಗೆ ಬಂದದ್ದನ್ನು ಬರೆದರು ಎನ್ನುವಷ್ಟರ ತನಕ ಚರಿತ್ರೆ ನಮ್ಮ ಜೊತೆ ಬರುತ್ತದೆ. ಮುಂದಿನದು ವಿಶ್ವಾಸ.

ಕ್ರಿಸ್ತಪೂರ್ವದಲ್ಲಿ ಕ್ರಿಸ್ತಜಯಂತಿ

ಯಾವ ವರ್ಷ? ಇದಕ್ಕೆ ಹೆರೋದನೇ ಕೀಲಿಕೈ. ಅವನ ಸಾವಿಗೆ ಸ್ವಲ್ಪ ಮುಂಚೆ ಚಂದ್ರಗ್ರಹಣವಾಯಿತೆಂದೂ ಸತ್ತ ಮೇಲೆ ಪಾಸ್ಕ ಹಬ್ಬ ಬಂತೆಂದೂ ಜೋಸೆಫುಸ್ ಬರೆದಿದ್ದಾನೆ. ಕ್ರಿ.ಪೂ. 4ರ ಮಾರ್ಚ್ 13ರಂದು ಅಂಥ ಗ್ರಹಣವಾಗಿದೆ. ಗ್ರಹಣವೊಂದನ್ನೇ ನೆಚ್ಚಬೇಕಾಗಿಲ್ಲ. ಅವನ ಮಗ ಫಿಲಿಪ್ಪ 37 ವರ್ಷ ಆಳಿ ತಿಬೇರಿಯನ ಇಪ್ಪತ್ತನೆಯ ವರ್ಷದಲ್ಲಿ ತೀರಿಕೊಂಡ. ಇನ್ನೊಬ್ಬ ಮಗ ಅಂತಿಪನು ತನ್ನ 43ನೆಯ ವರ್ಷದಲ್ಲಿ ಹೊರಡಿಸಿದ ನಾಣ್ಯಗಳು ಸಿಕ್ಕಿವೆ, ಅವನ ಪದವಿ ಹೋದದ್ದು ಕ್ರಿ.ಶ. 39ರಲ್ಲಿ. ಹಿಂದಕ್ಕೆ ಎಣಿಸಿದರೆ ಎರಡೂ ಕ್ರಿ.ಪೂ. 4ಕ್ಕೇ ಬಂದು ನಿಲ್ಲುತ್ತವೆ. ಕ್ರಿ.ಪೂ. 1ರ ಇನ್ನೊಂದು ಗ್ರಹಣವನ್ನು ಹಿಡಿದು ವಾದಿಸುವವರು ಈಗಲೂ ಇದ್ದಾರೆ; ನಾಣ್ಯಗಳ ಮುಂದೆ ಆ ವಾದ ತೆಳುವಾಗಿ ಕಾಣುತ್ತದೆ. ಎರಡು ವರ್ಷದೊಳಗಿನ ಮಕ್ಕಳನ್ನು ಹೆರೋದ ಕೊಲ್ಲಿಸಿದನೆಂಬ ಮತ್ತಾಯರ ಮಾತನ್ನೂ ಸೇರಿಸಿಕೊಂಡರೆ ಯೇಸುವಿನ ಜನನ ಕ್ರಿ.ಪೂ. 6ಕ್ಕೂ 4ಕ್ಕೂ ನಡುವೆ ಬೀಳುತ್ತದೆ. ತಿಬೇರಿಯನ ಹದಿನೈದನೆಯ ವರ್ಷದಲ್ಲಿ, ಅಂದರೆ ಕ್ರಿ.ಶ. 28-29ರಲ್ಲಿ, ಸ್ನಾನಿಕ ಯೊವಾನ್ನರು ಬೋಧನೆ ಶುರುಮಾಡಿದರು. ಯೇಸು ತಮ್ಮ ಸೇವೆ ಆರಂಭಿಸಿದಾಗ ಅವರಿಗೆ ಸುಮಾರು ಮೂವತ್ತು ವರ್ಷ ಎನ್ನುತ್ತಾರೆ ಲೂಕರು. ಅವರದೂ ‘ಸುಮಾರು’ ಎಂಬ ಮಾತೇ.

ಕ್ರಿಸ್ತರು ಕ್ರಿಸ್ತಪೂರ್ವದಲ್ಲಿ ಹುಟ್ಟುವುದು ಹೇಗೆ ಎಂದು ಮಕ್ಕಳು ನಗುತ್ತಾರೆ. ನಗಲಿ. ಲೆಕ್ಕ ಜಾರಿದ್ದು ದಿಯೊನೀಸಿಯುಸ್ ಎಂಬ ಸಂನ್ಯಾಸಿಯ ಕೈಯಲ್ಲಿ, ಕ್ರಿ.ಶ. 525ರಲ್ಲಿ, ರೋಮಿನಲ್ಲಿ. ಪಾಸ್ಕ ಹಬ್ಬದ ಪಟ್ಟಿ ಬರೆಯುತ್ತಿದ್ದ ಆತನಿಗೆ, ಕ್ರೈಸ್ತರನ್ನು ಹಿಂಸಿಸಿದ ದಿಯೊಕ್ಲೇಶಿಯನ್ ಚಕ್ರವರ್ತಿಯ ಹೆಸರಿನ ಶಕವನ್ನು ಬಳಸಲು ಮನಸ್ಸಾಗಲಿಲ್ಲ. ಪ್ರಭುವಿನ ಅವತಾರದಿಂದಲೇ ಎಣಿಸೋಣವೆಂದ. ಐನೂರು ವರ್ಷದ ಹಿಂದಿನ ಲೆಕ್ಕ, ಕೈಯಲ್ಲಿದ್ದ ಪಟ್ಟಿಗಳು ಅಷ್ಟಕ್ಕಷ್ಟೇ. ಮೇಷ್ಟರ ಜೂನ್ 1ರ ಹಾಗೆ ಅದೇ ನಿಂತುಬಿಟ್ಟಿತು. ನಾವು ಬಾಡಿಗೆ ಕರಾರಿನಲ್ಲೂ ಬ್ಯಾಂಕ್ ಚೆಕ್ಕಿನಲ್ಲೂ ಬರೆಯುವುದು ಆ ಸಂನ್ಯಾಸಿಯ ಲೆಕ್ಕವನ್ನೇ.

ಜನಗಣತಿಯ ಗಂಟು

ಇಲ್ಲಿಯವರೆಗೆ ದಾರಿ ಸಲೀಸು. ಮುಂದೆ ಏರು. ಔಗುಸ್ತ ಚಕ್ರವರ್ತಿಯ ಆಜ್ಞೆಯಂತೆ ಜನಗಣತಿ ನಡೆಯಿತು, ಆಗ ಕುರೇನ್ಯನು ಸಿರಿಯದ ರಾಜ್ಯಪಾಲನಾಗಿದ್ದ ಎಂದು ಲೂಕರು ಹೇಳುತ್ತಾರೆ (2:1-2). ಕುರೇನ್ಯ ಕಲ್ಪನೆಯ ವ್ಯಕ್ತಿಯಲ್ಲ. ಅವನ ಅಪ್ಪಣೆಯಂತೆ ಸಿರಿಯದ ಅಪಮೇಯ ಪಟ್ಟಣದಲ್ಲಿ 1,17,000 ನಾಗರಿಕರನ್ನು ಎಣಿಸಿದೆನೆಂದು ಹೇಳಿಕೊಂಡ ಸೈನಿಕ ಅಧಿಕಾರಿಯೊಬ್ಬನ ಶಿಲಾಶಾಸನವೇ ಉಳಿದಿದೆ. ತೊಡಕು ಬೇರೆ ಕಡೆ ಇದೆ. ಜೋಸೆಫುಸನ ಪ್ರಕಾರ ಕುರೇನ್ಯ ಸಿರಿಯಕ್ಕೆ ಬಂದು ಯೂದೇಯದಲ್ಲಿ ಗಣತಿ ಮಾಡಿಸಿದ್ದು ಕ್ರಿ.ಶ. 6ರಲ್ಲಿ, ಹೆರೋದ ಸತ್ತು ಸುಮಾರು ಹತ್ತು ವರ್ಷವಾದ ಮೇಲೆ. ಆಗಲೂ ನಜರೇತ್ ಇದ್ದ ಗಲಿಲೇಯ ರೋಮಿನ ನೇರ ಆಳ್ವಿಕೆಯಲ್ಲಿರಲಿಲ್ಲ, ಅಂತಿಪನ ಕೈಯಲ್ಲಿತ್ತು.

ಇದನ್ನು ಬಿಡಿಸಲು ನೂರಾರು ವರ್ಷಗಳಿಂದ ಪ್ರಯತ್ನ ನಡೆದಿದೆ. ಕುರೇನ್ಯ ಮೊದಲೊಮ್ಮೆಯೂ ಸಿರಿಯದಲ್ಲಿ ಅಧಿಕಾರದಲ್ಲಿದ್ದ ಎನ್ನುತ್ತಾರೆ ಕೆಲವರು. ಅದಕ್ಕೆ ಅವರು ತೋರಿಸುವ ತಿವೋಲಿಯ ಮುರುಕು ಕಲ್ಲಿನಲ್ಲಿ ಯಾರ ಹೆಸರೂ ಉಳಿದಿಲ್ಲ. ಲೂಕರ ಗ್ರೀಕ್ ಮಾತಿಗೆ ‘ಕುರೇನ್ಯನ ಗಣತಿಗಿಂತ ಮುಂಚಿನದು’ ಎಂದು ಅರ್ಥ ಮಾಡಬಹುದು ಎನ್ನುತ್ತಾರೆ ಇನ್ನು ಕೆಲವರು. ವ್ಯಾಕರಣ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಹಿಂದಿನ ಧರ್ಮಪಿತೃಗಳಲ್ಲಿ ಒಬ್ಬರಾದ ತೆರ್ತುಲ್ಲಿಯನ್ ಅವರು ಈ ಗಣತಿಯನ್ನು ಹೆರೋದನ ಕಾಲದ ಇನ್ನೊಬ್ಬ ರಾಜ್ಯಪಾಲ ಸತುರ್ನೀನನ ಹೆಸರಿಗೆ ಹಾಕಿದ್ದಾರೆ.

ಜನರು ಊರಿಗೆ ಹೋಗಿ ಬರೆಸಿಕೊಳ್ಳಬೇಕಿತ್ತೇ ಎಂಬುದು ಮತ್ತೊಂದು ಪ್ರಶ್ನೆ. ನಮ್ಮಲ್ಲಿ ಗಣತಿಯವರೇ ಎಸ್ಟೇಟಿನ ಲೈನ್ ಮನೆಗಳ ಬಾಗಿಲಿಗೆ ಬರುತ್ತಾರೆ. ಅಂದು ಹಾಗಿರಲಿಲ್ಲ. ಹೊರಗೆ ಹೋದವರೆಲ್ಲ ಗಣತಿಗಾಗಿ ಸ್ವಂತ ಮನೆಗಳಿಗೆ ಮರಳಬೇಕೆಂದು ಕ್ರಿ.ಶ. 104ರಲ್ಲಿ ಈಜಿಪ್ಟಿನ ರೋಮನ್ ಅಧಿಪತಿ ಹೊರಡಿಸಿದ ಆಜ್ಞೆಯ ಪ್ರತಿ ಪಪೈರಸ್ ಹಾಳೆಯ ಮೇಲೆ ಸಿಕ್ಕಿದೆ. ಬಬಥಾ ಎಂಬ ಯೆಹೂದಿ ಹೆಣ್ಣುಮಗಳು ಕ್ರಿ.ಶ. 127ರಲ್ಲಿ ತನ್ನ ತೋಟದ ಆಸ್ತಿಯನ್ನು ಬರೆಸಲು ಬೇರೆ ಪಟ್ಟಣಕ್ಕೆ ಹೋದ ದಾಖಲೆಯೂ ಇದೆ. ತುಂಡು ಜಮೀನಿನ ಪಹಣಿಗಾಗಿ ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಈ ಎರಡೂ ದಾಖಲೆಗಳು ಸ್ವಂತ ಮನೆ, ಸ್ವಂತ ಜಮೀನಿನ ಮಾತು. ಸಾವಿರ ವರ್ಷದ ಹಿಂದಿನ ಪೂರ್ವಜನ ಊರಿಗೆ ಹೋಗಬೇಕೆಂದು ಯಾವುದರಲ್ಲೂ ಇಲ್ಲ. ಜೋಸೆಫರಿಗೆ ಬೆತ್ಲೆಹೇಮಿನಲ್ಲಿ ಸ್ವಲ್ಪ ಆಸ್ತಿಯಿತ್ತೇನೋ ಎಂದು ಊಹಿಸಬಹುದು, ಅಷ್ಟೇ.

ನಮಗೆ ತೋರುವುದು ಹೀಗೆ. ಎಂಬತ್ತು ವರ್ಷಗಳ ಆಚೆಯಿಂದ ನೋಡುತ್ತಿದ್ದ ಲೂಕರು, ಜನರ ನೆನಪಿನಲ್ಲಿ ಗಲಭೆಯೊಂದಿಗೆ ಅಚ್ಚೊತ್ತಿದ್ದ ಆ ದೊಡ್ಡ ಗಣತಿಯನ್ನು ಯೇಸುವಿನ ಜನನದ ಹತ್ತಿರಕ್ಕೆ ತಂದಿದ್ದಾರೆ. ಕಥೋಲಿಕ ಗುರುಗಳೂ ದೊಡ್ಡ ವಿದ್ವಾಂಸರೂ ಆಗಿದ್ದ ರೇಮಂಡ್ ಬ್ರೌನ್ ಅವರು 1977ರ ತಮ್ಮ ಗ್ರಂಥದಲ್ಲಿ ಬಂದದ್ದೂ ಹೆಚ್ಚುಕಡಿಮೆ ಈ ತೀರ್ಮಾನಕ್ಕೆ. ಲೂಕರೇ ಮೊದಲ ಅಧ್ಯಾಯದಲ್ಲಿ ಎಲ್ಲವೂ ಹೆರೋದನ ದಿನಗಳಲ್ಲಿ ಆರಂಭವಾಯಿತು ಎಂದಿದ್ದಾರಲ್ಲ, ಮತ್ತಾಯರೂ ಹೇಳುವ ಆ ಮಾತನ್ನು ಗಟ್ಟಿಯಾಗಿ ಹಿಡಿಯೋಣ. ಗಣತಿಯ ಸಾಲಿನ ಮೇಲೆ ಮನೆ ಕಟ್ಟುವುದು ಬೇಡ.

ಜಾಗದ ನೆನಪು

ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರು ಶೆಟ್ಟಿಹಳ್ಳಿಯ ಹಳೆಯ ಜಪಮಾಲೆ ಮಾತೆಯ ದೇವಾಲಯವನ್ನು ಸುತ್ತುವರಿದು ದಶಕಗಳಾದವು. ಊರು ಎದ್ದು ಬೇರೆಡೆಗೆ ಹೋಯಿತು. ದೇವಾಲಯ ಎಲ್ಲಿ ಎಂದರೆ ಜನ ಕೈತೋರಿಸುತ್ತಾರೆ. ಫ್ರೆಂಚ್ ಗುರುಗಳು ಅದನ್ನು ಕಟ್ಟಿದ್ದು ಯಾವ ವರ್ಷ ಎಂದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಜನರ ನೆನಪು ವರ್ಷವನ್ನು ಬಲುಬೇಗ ಕಳೆದುಕೊಳ್ಳುತ್ತದೆ, ಜಾಗವನ್ನು ಬಹುಕಾಲ ಹಿಡಿದುಕೊಳ್ಳುತ್ತದೆ.

ಬೆತ್ಲೆಹೇಮಿನ ವಿಷಯ ಯೋಚಿಸುವಾಗ ಇದು ನೆನಪಿರಲಿ. ಅರಸನು ಬೆತ್ಲೆಹೇಮಿನಿಂದ ಬರುವನೆಂದು ಪ್ರವಾದಿ ಮೀಕನು ಹೇಳಿದ್ದರಿಂದ ಶುಭಸಂದೇಶಕಾರರು ಜನನವನ್ನು ಅಲ್ಲಿಗೆ ಸಾಗಿಸಿದರು ಎನ್ನುವ ವಿದ್ವಾಂಸರು ಅನೇಕರಿದ್ದಾರೆ. ಯೇಸುವನ್ನು ಎಲ್ಲರೂ ಕರೆದದ್ದು ನಜರೇತಿನವರೆಂದೇ. ಮಾರ್ಕರು ಬೆತ್ಲೆಹೇಮಿನ ಹೆಸರನ್ನೇ ಎತ್ತುವುದಿಲ್ಲ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಇನ್ನೊಂದು ಕಡೆಯಲ್ಲೂ ಭಾರವಿದೆ. ಬೆತ್ಲೆಹೇಮಿನ ಬಳಿಯ ಗುಹೆಯೊಂದರಲ್ಲಿ ಯೇಸು ಹುಟ್ಟಿದರೆಂದು, ಅದೇ ನಾಡಿನಲ್ಲಿ ಹುಟ್ಟಿದ ಸಂತ ಜಸ್ಟಿನ್ ಎರಡನೆಯ ಶತಮಾನದ ನಡುವಿನಲ್ಲಿ ಬರೆದಿದ್ದಾರೆ. ಗುಹೆಯ ಮಾತು ಮತ್ತಾಯರಲ್ಲೂ ಇಲ್ಲ, ಲೂಕರಲ್ಲೂ ಇಲ್ಲ. ಅದು ಊರವರ ಬಾಯಿಂದಲೇ ಬಂದಿರಬೇಕು. ಮುಂದೆ ಕ್ರಿ.ಶ. 248ರ ಸುಮಾರಿಗೆ ಓರಿಜನ್ ಆ ಗುಹೆಯನ್ನು ಜನ ತೋರಿಸುತ್ತಾರೆ ಎನ್ನುತ್ತಾರೆ. ಕಾನ್ಸ್ಟಂಟೈನ್ ಚಕ್ರವರ್ತಿಯ ಕಾಲದಲ್ಲಿ ಅದರ ಮೇಲೆ ದೇವಾಲಯ ಎದ್ದಿತು, 339ರಲ್ಲಿ ಪ್ರತಿಷ್ಠೆಯಾಯಿತು. ಶಿಲುಬೆಯ ಮರಣದಷ್ಟು ಖಚಿತವಲ್ಲದಿದ್ದರೂ ಬೆತ್ಲೆಹೇಮಿನ ಪರವಾಗಿ ತಕ್ಕಡಿ ಬಾಗುತ್ತದೆ ಎಂಬುದು ನಮ್ಮ ಎಣಿಕೆ. ಇನ್ನು ನಜರೇತ್ ಅಂದು ಇರಲೇ ಇಲ್ಲ ಎನ್ನುತ್ತಿದ್ದವರಿಗೆ, 2009ರಲ್ಲಿ ಅಲ್ಲಿಯೇ ಅಗೆತದಲ್ಲಿ ಸಿಕ್ಕ ಯೇಸುವಿನ ಕಾಲದ ಪುಟ್ಟ ಮನೆಯೊಂದು ಉತ್ತರ ಕೊಟ್ಟಿದೆ.

ಡಿಸೆಂಬರ್ 25

ದಿನದ ಬಗ್ಗೆ ಶುಭಸಂದೇಶಗಳಲ್ಲಿ ಒಂದಕ್ಷರವೂ ಇಲ್ಲ. ಸುಮಾರು ಕ್ರಿ.ಶ. 200ರಲ್ಲಿ ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ತಮ್ಮ ಕಾಲದವರು ಹೇಳುತ್ತಿದ್ದ ದಿನಗಳನ್ನು ಪಟ್ಟಿಮಾಡಿದ್ದಾರೆ. ಮೇ ತಿಂಗಳಿನದೂ ಇದೆ, ಡಿಸೆಂಬರ್ 25 ಮಾತ್ರ ಇಲ್ಲ. ರೋಮಿನಲ್ಲಿ ಆ ದಿನದ ಆಚರಣೆಗೆ ಸಿಗುವ ಮೊದಲ ದಾಖಲೆ 336ನೆಯ ಇಸವಿಯದು. ರೋಮನರ ಸೂರ್ಯದೇವನ ಹಬ್ಬದ ಜಾಗದಲ್ಲಿ ಇದನ್ನು ಇಟ್ಟರೆನ್ನುವುದು ಒಂದು ವಿವರಣೆ. ಮಾರ್ಚ್ 25ರಂದೇ ಯೇಸು ಗರ್ಭದಲ್ಲಿ ಅವತರಿಸಿದರು, ಅದೇ ದಿನ ಮಡಿದರು ಎಂದು ನಂಬಿ ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರೆನ್ನುವುದು ಇನ್ನೊಂದು. ನಮಗೆ ಎರಡನೆಯದು ಹಿಡಿಸುತ್ತದೆ, ಪಣತೊಟ್ಟು ಹೇಳಲಾರೆವು.

ಒಂದು ಮಾತನ್ನು ಮಾತ್ರ ಈ ಬೆಟ್ಟದವರು ಒಪ್ಪಬೇಕಾಗಿಲ್ಲ. ಡಿಸೆಂಬರಿನ ಚಳಿಯಲ್ಲಿ ಕುರುಬರು ರಾತ್ರಿ ಬಯಲಲ್ಲಿ ಇರುವುದುಂಟೇ, ಆದ್ದರಿಂದ ಆ ತಿಂಗಳಲ್ಲ ಎಂದು ಕೆಲವರು ವಾದಿಸುತ್ತಾರೆ. ನಮ್ಮ ತೋಟಗಳಲ್ಲಿ ಡಿಸೆಂಬರ್ ರಾತ್ರಿ ಕಣದಲ್ಲಿ ಹರಡಿದ ಕಾಫಿಗೆ ಕಾವಲು ಕೂರುವವರನ್ನು ಕೇಳಿ. ಕಂಬಳಿ ಹೊದ್ದು, ಬೆಂಕಿ ಹಾಕಿಕೊಂಡು, ಮಂಜು ಬೀಳುವ ಹೊತ್ತಿನಲ್ಲಿ ಎಚ್ಚರವಾಗಿರುತ್ತಾರೆ. ಬದುಕು ಬಯಲಲ್ಲಿದ್ದರೆ ಮನುಷ್ಯನೂ ಬಯಲಲ್ಲೇ. ಇದರಿಂದ ಡಿಸೆಂಬರ್ ಎಂದು ಸಾಬೀತಾಗುವುದಿಲ್ಲ. ಅಲ್ಲ ಎಂಬುದೂ ಸಾಬೀತಾಗುವುದಿಲ್ಲ.

ಬೆತ್ಲೆಹೇಮಿನವರೇ ಒಂದು ದಿನಕ್ಕೆ ಕಟ್ಟುಬಿದ್ದಿಲ್ಲ. ಆ ಗುಹೆಯ ಆವರಣದಲ್ಲಿ ಕಥೋಲಿಕರು ಡಿಸೆಂಬರ್ 24ರ ನಡುರಾತ್ರಿ ಬಲಿಪೂಜೆ ಅರ್ಪಿಸುತ್ತಾರೆ. ಹಳೆಯ ಪಂಚಾಂಗದ ಗ್ರೀಕ್ ಆರ್ಥೊಡಾಕ್ಸರಿಗೆ ಕ್ರಿಸ್ಮಸ್ ಜನವರಿ 7ರಂದು. ಅರ್ಮೇನಿಯದವರು ಜನವರಿ 6ನ್ನೇ ಬಿಟ್ಟಿಲ್ಲ, ಆದರೆ ಅವರಲ್ಲಿ ಹಳೆಯ ಪಂಚಾಂಗದ ಜನವರಿ 6 ಎಂದರೆ ನಮ್ಮ ಜನವರಿ 19. ನಾವಿಲ್ಲಿ ಗೋದಲಿಯನ್ನು ಬಿಚ್ಚಿ, ಬೊಂಬೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ ಮೇಲೂ ಆ ಗುಹೆಯಲ್ಲಿ ಇನ್ನೊಂದು ಕ್ರಿಸ್ಮಸ್ ಬಾಕಿ ಇರುತ್ತದೆ.